ಬೇರೆ ಲೋಟ



ಈ ತಿಂಗಳ 21ರಂದು ಯುವಜನರ ಪಾಲಕರಾದ ಸಂತ ಅಲೋಶಿಯಸ್ ಗೊನ್ಜಾಗರ ಹಬ್ಬ. ಪ್ರತಿ ವರ್ಷ ಈ ಹಬ್ಬಕ್ಕೆ ನಮ್ಮ ಯುವಬಳಗದವರು ಬಲಿಪೂಜೆಯಲ್ಲಿ ವಾಚನ ಓದುತ್ತೇವೆ, ಹಾಡುತ್ತೇವೆ, ಪೂಜೆಯಾದ ಮೇಲೆ ಮಕ್ಕಳಿಗೆ ಆಟಗಳನ್ನು ಏರ್ಪಡಿಸುತ್ತೇವೆ. ಸಂತರ ಪಟಕ್ಕೆ ಹೂಮಾಲೆ ಹಾಕುತ್ತೇವೆ. ಆದರೆ ಆ ಪಟದಲ್ಲಿರುವ ಇಪ್ಪತ್ತಮೂರು ವರ್ಷದ ಯುವಕ ಯಾವುದರಿಂದ ಸತ್ತರು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ತಡವರಿಸುತ್ತೇವೆ. ಅವರು ಸತ್ತದ್ದು ಸೋಂಕಿನಿಂದ. ರೋಗಿಗಳ ಹತ್ತಿರ ಹೋದದ್ದರಿಂದ.

ಅಲೋಶಿಯಸರು 1568ರಲ್ಲಿ ಇಟಲಿಯ ಒಂದು ಪ್ರಭುಮನೆತನದಲ್ಲಿ ಹಿರಿಯ ಮಗನಾಗಿ ಹುಟ್ಟಿದರು. ತಮಗೆ ಬರಬೇಕಾಗಿದ್ದ ಪದವಿ, ಆಸ್ತಿ ಎಲ್ಲವನ್ನೂ ತಮ್ಮನಿಗೆ ಬಿಟ್ಟುಕೊಟ್ಟು 1585ರಲ್ಲಿ ರೋಮಿನಲ್ಲಿ ಯೇಸುಸಭೆಗೆ ಸೇರಿದರು. 1591ರಲ್ಲಿ ರೋಮ್ ನಗರದಲ್ಲಿ ಸಾಂಕ್ರಾಮಿಕ ಹಬ್ಬಿತು. ಯೇಸುಸಭೆಯವರು ರೋಗಿಗಳಿಗಾಗಿ ಒಂದು ಆಸ್ಪತ್ರೆ ತೆರೆದರು. ಅಲೋಶಿಯಸರು ಮನೆಮನೆಗೆ ಹೋಗಿ ಭಿಕ್ಷೆ ಬೇಡಿದರು. ಬೀದಿಯಲ್ಲಿ ಬಿದ್ದವರನ್ನು ಎತ್ತಿ ತಂದು ತೊಳೆದು, ಊಟ ಮಾಡಿಸಿದರು. ಗಾಯ, ವಾಸನೆಗಳನ್ನು ಕಂಡರೆ ಮೊದಮೊದಲು ಅವರಿಗೆ ಅಸಹ್ಯವಾಗುತ್ತಿತ್ತಂತೆ. ಆ ಅಸಹ್ಯದೊಂದಿಗೆ ಹೋರಾಡುತ್ತಲೇ ಅವರು ಸೇವೆಗೆ ಹೋದರು ಎಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಕೊನೆಗೆ ಅವರಿಗೇ ಸೋಂಕು ತಗುಲಿತು. ಜೂನ್ 21ರಂದು ಪ್ರಭುವಿನಲ್ಲಿ ನಿದ್ರಿಸಿದರು.

ಒಂದು ಮಾತನ್ನು ಗಮನಿಸಿ. 1591ರಲ್ಲಿ ಜಗತ್ತಿನ ಯಾರೊಬ್ಬರೂ ಒಂದು ರೋಗಾಣುವನ್ನು ಕಣ್ಣಿನಿಂದ ಕಂಡಿರಲಿಲ್ಲ. ಹಾಲೆಂಡಿನ ಲೇವನ್‌ಹುಕ್ ಎಂಬ ಬಟ್ಟೆ ವ್ಯಾಪಾರಿ ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ನೀರಿನ ಹನಿಯೊಳಗಿನ ಸಣ್ಣ ಜೀವಿಗಳನ್ನು ಕಂಡದ್ದು 1670ರ ದಶಕದಲ್ಲಿ. ಅಲೋಶಿಯಸರ ಕಾಲದಲ್ಲಿ ಕೆಲವರು ಕೆಟ್ಟ ಗಾಳಿ ಎಂದರು, ಕೆಲವರು ದೇವರ ಕೋಪ ಎಂದರು. ಕಾರಣ ಗೊತ್ತಿಲ್ಲದಿದ್ದರೂ ಒಂದು ವಿಷಯ ಮಾತ್ರ ಎಲ್ಲರಿಗೂ ಗೊತ್ತಿತ್ತು: ಹತ್ತಿರ ಹೋದವರು ಸಾಯುತ್ತಾರೆ. ಗೊತ್ತಿದ್ದೂ ಅವರು ಹತ್ತಿರ ಹೋದರು. ಆ ದಿನಗಳಲ್ಲಿ ರೋಗಿಯನ್ನು ಮುಟ್ಟುವುದಕ್ಕೆ ತೆರಬೇಕಾದ ಬೆಲೆ ಪ್ರಾಣವೇ ಆಗಿತ್ತು.

ಅಂಥ ಭಯ ನಮ್ಮ ನಾಡಿಗೂ ಬಂದಿತ್ತು. 1896ರಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲಿನ ದಾರಿ ಹಿಡಿದು ಹುಬ್ಬಳ್ಳಿಗೆ ಬಂತು, 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂತು. ಬೆಂಗಳೂರಿಗೆ ಬಂದದ್ದು ಹೊಸೂರಿಗೆ ಬರಲು ಎಷ್ಟು ಹೊತ್ತು? ಕೋಲಾರ, ಚಿತ್ತೂರು, ಹೊಸೂರು ಸೇರುವ ಈ ಮೂರು ನಾಡಿನ ಗಡಿಭಾಗದಲ್ಲಿ ಆ ರೋಗ ಬಹಳ ಕಾಲ ನೆಲೆ ನಿಂತಿತ್ತು. ಮನೆಯ ಸೂರಿನಿಂದ ಇಲಿ ಸತ್ತು ಬಿದ್ದರೆ ಜನ ಊರನ್ನೇ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರೆಂದು ಹಿರಿಯರ ಬಾಯಲ್ಲಿ ಕೇಳಿದ್ದೇವೆ. ಪ್ಲೇಗಿಗೂ ಸಿಡುಬಿಗೂ ಜನ ಅಮ್ಮನ ಹೆಸರಿಟ್ಟು ಗುಡಿ ಕಟ್ಟಿದರು. ನಮ್ಮ ಕ್ರೈಸ್ತ ಹಿರಿಯರು ಸಂತ ಸೆಬಾಸ್ಟಿಯನ್ನರಿಗೆ, ಸಂತ ರೋಕರಿಗೆ ಹರಕೆ ಹೊತ್ತರು.

ಬಿಎಸ್ಸಿ ಓದಿದ ನಮಗೆ ಇದನ್ನೆಲ್ಲ ಕೇಳಿ ನಗುವುದು ಸುಲಭ. ಆದರೆ ನಗಬಾರದು. ಇಲಿ ಸತ್ತ ಊರನ್ನು ಬಿಟ್ಟುಹೋದದ್ದು ಸರಿಯಾದ ಕೆಲಸವೇ ಆಗಿತ್ತು. ಸಿಡುಬು ಎದ್ದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರೆ ಹೊರಗಿನವರು ಒಳಗೆ ಹೋಗುತ್ತಿರಲಿಲ್ಲ. ಅದೂ ಊರಿಗೆ ಒಳ್ಳೆಯದೇ ಆಯಿತು. ಕಾರಣ ತಿಳಿಯದಿದ್ದರೂ ಅವರು ಕಣ್ಣು ತೆರೆದು ನೋಡಿದ್ದರು.

ಕಾರಣವೂ ಅದೇ ಕಾಲದಲ್ಲಿ ಸಿಕ್ಕಿತು. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಪ್ಲೇಗಿನ ರೋಗಾಣುವನ್ನು ಕಂಡುಹಿಡಿದರು. 1897ರಲ್ಲಿ ಮುಂಬೈಯಲ್ಲಿ ಹಾಫ್‌ಕಿನ್ ಅದಕ್ಕೆ ಲಸಿಕೆ ಮಾಡಿ ಮೊದಲು ತಮ್ಮ ದೇಹಕ್ಕೇ ಚುಚ್ಚಿಕೊಂಡರು. 1898ರಲ್ಲಿ ಕರಾಚಿಯಲ್ಲಿ ಸಿಮೋಂದ್ ಎಂಬವರು ಇಲಿಯಿಂದ ಇಲಿಗೆ ರೋಗವನ್ನು ಒಯ್ಯುವುದು ಅದರ ಮೈಮೇಲಿನ ಚಿಗಟ ಎಂದು ತೋರಿಸಿದರು. ಹೊಸೂರಿನಲ್ಲೇ ಇರುವ ರೋಗವಾಹಕ ನಿಯಂತ್ರಣ ಮತ್ತು ಪ್ರಾಣಿಜನ್ಯ ರೋಗಗಳ ಸರ್ಕಾರಿ ಸಂಸ್ಥೆ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಸೊಳ್ಳೆ, ಚಿಗಟ, ಇಲಿಗಳಿಂದ ಬರುವ ರೋಗಗಳ ಮೇಲೆ ಕಣ್ಣಿಟ್ಟಿರುವುದೇ ಅಂಥವರ ಕೆಲಸ. 1966ರಲ್ಲಿ ಮುಳಬಾಗಿಲಿನ ಕಡೆ ಒಂದು ಪ್ಲೇಗ್ ಪ್ರಕರಣ ಕಂಡ ಮೇಲೆ 1994ರವರೆಗೆ ದೇಶದಲ್ಲಿ ಮನುಷ್ಯರಿಗೆ ಆ ರೋಗ ಬಂದ ವರದಿ ಇರಲಿಲ್ಲ. ಸಿಡುಬಂತೂ 1980ರ ಹೊತ್ತಿಗೆ ಭೂಮಿಯಿಂದಲೇ ಹೋಯಿತು.

ಹೀಗೆ ಭಯಕ್ಕೆ ಒಂದು ಹೆಸರು ಸಿಕ್ಕಿತು. ಇದು ಸಣ್ಣ ಕೃಪೆಯಲ್ಲ. ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಮಾಡಿದವನು ಇವನೋ ಇವನ ಹೆತ್ತವರೋ ಎಂದು ಕೇಳುತ್ತಾರೆ. ಇಬ್ಬರೂ ಅಲ್ಲ ಎಂದು ಪ್ರಭು ಆ ಪ್ರಶ್ನೆಯನ್ನೇ ತಳ್ಳಿಹಾಕುತ್ತಾರೆ. ಸೂಕ್ಷ್ಮದರ್ಶಕ ಕೂಡ ತನ್ನ ರೀತಿಯಲ್ಲಿ ಅದನ್ನೇ ಹೇಳಿತು: ರೋಗ ಶಾಪವಲ್ಲ, ಹಣೆಬರಹವಲ್ಲ, ಮೇಲಿನವರಿಗೂ ಕೆಳಗಿನವರಿಗೂ ಒಂದೇ ಬಗೆಯಲ್ಲಿ ತಗಲುವ ಸೋಂಕು.

ಆದರೆ ಮನುಷ್ಯನ ಮನಸ್ಸು ವಿಚಿತ್ರ. ದೇವರ ಕೋಪದ ಭಯ ಇಳಿದ ಮೇಲೆ ರೋಗಾಣುವಿನ ಭಯ ಏರಿತು. ರೋಗಾಣು ಕಣ್ಣಿಗೆ ಕಾಣದ ಕಾರಣ ಕಣ್ಣಿಗೆ ಕಾಣುವ ರೋಗಿಯನ್ನೇ ನಾವು ದೂರ ಇಟ್ಟೆವು. 2020ರ ಏಪ್ರಿಲ್‌ನಲ್ಲಿ ಚೆನ್ನೈಯಲ್ಲಿ ಕೋವಿಡ್‌ನಿಂದ ತೀರಿಕೊಂಡ ಒಬ್ಬ ಕ್ರೈಸ್ತ ವೈದ್ಯರ ಶವವನ್ನು ಹೂಳಲು ಜನ ಬಿಡಲಿಲ್ಲ. ಕಲ್ಲು ಹೊಡೆದರು. ರಾತ್ರಿಯಲ್ಲಿ ಅವರ ಜೊತೆಯ ವೈದ್ಯರೊಬ್ಬರು ಕೈಯಾರೆ ಮಣ್ಣು ಮುಚ್ಚಿದರು. ಕಲ್ಲು ಎಸೆದವರ ಜೇಬಿನಲ್ಲಿ ಸ್ಮಾರ್ಟ್‌ಫೋನ್ ಇತ್ತು. ರೋಗಾಣು ಎಂದರೆ ಏನೆಂದು ಅವರಿಗೆ ಗೊತ್ತಿತ್ತು. ವಿದ್ಯೆ ಬಂದ ಮಾತ್ರಕ್ಕೆ ಭಯ ಹೋಗುವುದಿಲ್ಲ.

ಕ್ಷಯದ ಕಥೆ ಇದನ್ನು ಇನ್ನೂ ಚೆನ್ನಾಗಿ ಹೇಳುತ್ತದೆ. 1882ರ ಮಾರ್ಚ್ 24ರಂದು ಜರ್ಮನಿಯ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಕಂಡುಹಿಡಿದುದಾಗಿ ಸಾರಿದರು. ಔಷಧ ಸಿಗಲು ಇನ್ನೂ ಅರವತ್ತು ವರ್ಷ ಬೇಕಾಯಿತು. ಅಲ್ಲಿಯವರೆಗೆ ಇದ್ದ ಉಪಾಯ ಒಂದೇ: ರೋಗಿಯನ್ನು ಮನೆಯಿಂದ ದೂರ, ಒಳ್ಳೆಯ ಗಾಳಿ ಬೆಳಕು ಇರುವ ಕಡೆ ಇಡುವುದು. ಮದನಪಲ್ಲೆಯ ಬಳಿ ಆರೋಗ್ಯವರಂನಲ್ಲಿ ಕ್ರೈಸ್ತ ಮಿಷನ್ನುಗಳು ಸೇರಿ 1915ರಲ್ಲಿ ನಡೆಸತೊಡಗಿದ ಕ್ಷಯ ಆರೋಗ್ಯಧಾಮ ದಕ್ಷಿಣ ಭಾರತಕ್ಕೆಲ್ಲ ಹೆಸರಾಗಿತ್ತು. ಅಲ್ಲಿ ಸೇವೆ ಮಾಡಿದವರ ಪ್ರೀತಿ ದೊಡ್ಡದು. ಆದರೂ ಹೋದವರಿಗೆ ಮನೆ ದೂರವಾಯಿತು, ಹೋಗಲು ಹಣವಿಲ್ಲದವರಿಗೆ ಚಿಕಿತ್ಸೆ ದೂರವಾಯಿತು.

1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರದವರು ಒಂದು ಸರಳ ಪ್ರಶ್ನೆ ಕೇಳಿದರು: ಇಕ್ಕಟ್ಟಿನ ಮನೆಯಲ್ಲೇ ಇದ್ದು ಮಾತ್ರೆ ನುಂಗಿದರೆ ರೋಗ ವಾಸಿಯಾಗುವುದಿಲ್ಲವೇ? ನಗರದ ಬಡ ಬೀದಿಗಳ ಇನ್ನೂರಕ್ಕೆ ಸ್ವಲ್ಪ ಕಡಿಮೆ ರೋಗಿಗಳಲ್ಲಿ ಅರ್ಧದಷ್ಟು ಜನರನ್ನು ಆರೋಗ್ಯಧಾಮದಲ್ಲಿಟ್ಟರು, ಅರ್ಧದಷ್ಟು ಜನರನ್ನು ಅವರವರ ಮನೆಯಲ್ಲೇ ಬಿಟ್ಟು ಒಂದು ವರ್ಷ ಮಾತ್ರೆ ಕೊಟ್ಟರು. ಆರೋಗ್ಯಧಾಮದವರಿಗೆ ಹಾಸಿಗೆ, ವಿಶ್ರಾಂತಿ, ಒಳ್ಳೆಯ ಊಟ. ಮನೆಯವರಿಗೆ ಅದೇ ಇಕ್ಕಟ್ಟು, ಅದೇ ಗಂಜಿ. 1959ರಲ್ಲಿ ಫಲಿತಾಂಶ ಹೊರಬಂದಾಗ ಜಗತ್ತಿನ ವೈದ್ಯರು ಬೆರಗಾದರು: ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ ರೀತಿ ವಾಸಿಯಾಗಿತ್ತು. ಮನೆಯಲ್ಲೇ ಇದ್ದ ರೋಗಿಯಿಂದ ಮನೆಯವರಿಗೆ ಹೆಚ್ಚು ಅಪಾಯವಾಯಿತೇ ಎಂದು ವರ್ಷಗಟ್ಟಲೆ ನೋಡಿದರು. ಆಗಿರಲಿಲ್ಲ. ಮಾತ್ರೆ ಆರಂಭಿಸುವ ಮೊದಲೇ ಹರಡಬೇಕಾದದ್ದು ಹರಡಿರುತ್ತದೆ. ಮಾತ್ರೆ ಆರಂಭಿಸಿದ ಮೇಲೆ ರೋಗಿ ಮನೆಗೆ ಅಪಾಯವಾಗಿ ಉಳಿಯುವುದಿಲ್ಲ. ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿ, ಹಳ್ಳಿಹಳ್ಳಿಗೆ ಚಿಕಿತ್ಸೆ ಮುಟ್ಟಿಸುವ ದಾರಿ ಹುಡುಕಿತು. ಚೆನ್ನೈ, ಬೆಂಗಳೂರುಗಳ ನಡುವಿನ ಹೆದ್ದಾರಿಯಲ್ಲಿ ದಿನಾ ಓಡಾಡುವ ನಾವು, ಈ ಎರಡೂ ಊರುಗಳಿಂದ ಹೊರಟ ಶುಭವಾರ್ತೆಯೊಂದು ನಮ್ಮ ಮನೆಗಳಿಗೆ ಇನ್ನೂ ಪೂರ್ತಿ ತಲುಪಿಲ್ಲ ಎಂಬುದನ್ನು ನೋಡಬೇಕು.

ತಲುಪಿಲ್ಲ ಎಂದು ಏಕೆ ಹೇಳುತ್ತೇವೆಂದರೆ, ನಮ್ಮ ಯುವಬಳಗದ ಒಬ್ಬ ಅಣ್ಣನ ಅನುಭವವಿದೆ. ಹೆಸರು ಬೇಡ, ವಿಷಯ ಬರೆಯಿರಿ ಎಂದು ಅವರೇ ಹೇಳಿದ್ದಾರೆ. ತಳಿಯ ಕಡೆಯ ಹಳ್ಳಿಯವರು. ಹೊಸೂರಿನಲ್ಲಿ ಕಾರ್ಖಾನೆ ಕೆಲಸ. ಒಂದೇ ಕೋಣೆಯಲ್ಲಿ ನಾಲ್ವರ ವಾಸ. ಒಬ್ಬರು ತಮಿಳರು, ಒಬ್ಬರು ತೆಲುಗಿನವರು, ಒಬ್ಬರು ಒಡಿಶಾದವರು. ಎರಡು ತಿಂಗಳು ಕೆಮ್ಮು ಬಿಡಲಿಲ್ಲ. ಕಫ ಪರೀಕ್ಷೆಯಲ್ಲಿ ಟಿಬಿ ಎಂದು ಬಂತು. ಮಾತ್ರೆಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಬಚ್ಚಿಟ್ಟು, ಎಲ್ಲರೂ ಕೆಲಸಕ್ಕೆ ಹೋದ ಮೇಲೆ ನುಂಗುತ್ತಿದ್ದರು. ಹೇಗೋ ವಿಷಯ ಗೊತ್ತಾಗಿ ಮನೆಯ ಮಾಲೀಕರು ಕೋಣೆ ಖಾಲಿ ಮಾಡಿ ಎಂದರು. ಹಳ್ಳಿಗೆ ಹೋದರು. ಅಲ್ಲಿ ತಾಯಿ ಹೊಸದಾಗಿ ಒಂದು ಸ್ಟೀಲ್ ಲೋಟ ತಂದು ಕಿಟಕಿಯ ಮೇಲೆ ಬೇರೆಯಾಗಿ ಇಟ್ಟರು. ಆ ತಾಯಿ ಕೆಟ್ಟವರಲ್ಲ. ಮಗನಿಗಾಗಿ ದಿನಾ ಜಪಸರ ಹೇಳಿದವರು, ಆ ಲೋಟದ ತುಂಬ ಹಾಲು ಕೊಟ್ಟವರು. ಆರು ತಿಂಗಳ ಮಾತ್ರೆ ಮುಗಿಯಿತು. ಪರೀಕ್ಷೆಯಲ್ಲಿ ವಾಸಿಯಾಗಿದೆ ಎಂದು ಬಂತು. ಅಣ್ಣ ಮತ್ತೆ ಕೆಲಸಕ್ಕೆ ಸೇರಿದರು. "ಊರಿಗೆ ಹೋದರೆ ಈಗಲೂ ಕಾಫಿ ಅದೇ ಲೋಟದಲ್ಲಿ ಬರುತ್ತದೆ. ಅದನ್ನು ಒಳಗೆ ಇಡಬಹುದು ಎಂದು ಅಮ್ಮನಿಗೆ ಯಾರೂ ಹೇಳಲಿಲ್ಲ" ಎಂದರು.

ಸಹೋದರ ಸಹೋದರಿಯರೇ, ಕ್ಷಯದ ರೋಗಾಣು ಲೋಟದಿಂದ ಹರಡುವುದಿಲ್ಲ. ತಟ್ಟೆಯಿಂದ, ಬಟ್ಟೆಯಿಂದ, ಕೈ ಮುಗಿಯುವುದರಿಂದ, ಕೈ ಹಿಡಿಯುವುದರಿಂದ ಹರಡುವುದಿಲ್ಲ. ಕೆಮ್ಮಿದಾಗ ಗಾಳಿಯಲ್ಲಿ ಸೇರಿ, ಕಿಟಕಿ ಮುಚ್ಚಿದ ಇಕ್ಕಟ್ಟಾದ ಕೋಣೆಯಲ್ಲಿ ಹರಡುತ್ತದೆ. ಹಾಗಾದರೆ ಲೋಟವನ್ನು ಬೇರೆ ಇಡಬೇಕು ಎಂದು ನಮಗೆ ಕಲಿಸಿದವರು ಯಾರು? ಯಾವ ವಿಜ್ಞಾನಿಯೂ ಅಲ್ಲ. ಬೇರೆ ಲೋಟ ನಮ್ಮ ನಾಡಿಗೆ ರೋಗಾಣುವಿಗಿಂತ ಹಳೆಯ ಪರಿಚಯ. ಯಾರ ಲೋಟ ಟೀ ಅಂಗಡಿಯ ಹೊರಗೆ ತೂಗುತ್ತಿತ್ತು, ಯಾಕೆ ತೂಗುತ್ತಿತ್ತು ಎಂಬುದು ನಮ್ಮ ಹಿರಿಯರಿಗೆ ಗೊತ್ತು. ಆಗ ಅದಕ್ಕೆ ಮಡಿ ಮೈಲಿಗೆ ಎಂಬ ಹೆಸರಿತ್ತು. ಈಗ ಅದೇ ಲೋಟಕ್ಕೆ ಆರೋಗ್ಯ ಎಂಬ ಹೆಸರು ಕೊಟ್ಟಿದ್ದೇವೆ. ಕೆಲಸಕ್ಕಾಗಿ ಬಂದ ಉತ್ತರದ ಹುಡುಗರನ್ನು ಕಂಡು "ಕಾಯಿಲೆ ತರುವವರು" ಎನ್ನುವಾಗಲೂ ನಮ್ಮ ಕೈಯಲ್ಲಿರುವುದು ಆ ಹಳೆಯ ಲೋಟವೇ.

ಇತ್ತೀಚೆಗೆ ಸೂಕ್ಷ್ಮಾಣುಗಳ ಬಗ್ಗೆ ಜನರ ಮಾತು ಇನ್ನೊಂದು ಕಡೆ ತಿರುಗಿದೆ. ಎಲ್ಲ ರೋಗಾಣುವೂ ಶತ್ರುವಲ್ಲ, ಒಳ್ಳೆಯ ಬ್ಯಾಕ್ಟೀರಿಯಾ ಇವೆ ಎಂದು ಜಾಹೀರಾತುಗಳೂ ಹೇಳುತ್ತಿವೆ. ಇದು ನಿಜ. 2016ರ ಒಂದು ಲೆಕ್ಕದಂತೆ ಒಬ್ಬ ಮನುಷ್ಯನ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿದ್ದರೆ, ಅವುಗಳ ಜೊತೆ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ. ಹೆಚ್ಚಿನವು ನಮ್ಮ ಕರುಳಿನಲ್ಲಿ ಆಹಾರ ಜೀರ್ಣಿಸಲು ಸಹಾಯ ಮಾಡುತ್ತಾ ಇರುತ್ತವೆ. ಹಾಲಿಗೆ ಹೆಪ್ಪು ಹಾಕುವ, ರಾತ್ರಿ ಇಡ್ಲಿ ಹಿಟ್ಟನ್ನು ಹುದುಗಲು ಬಿಡುವ ನಮ್ಮ ತಾಯಂದಿರು ಇವುಗಳನ್ನು ಹೆಸರು ಗೊತ್ತಿಲ್ಲದೆಯೇ ಸಾಕಿದ್ದಾರೆ. ತಾವು ಮಾಡಿದ್ದೆಲ್ಲವನ್ನೂ ನೋಡಿ ದೇವರು ಮೆಚ್ಚಿದರು ಎಂದು ಆದಿಕಾಂಡದಲ್ಲಿ ಓದುವಾಗ ಈ ಕಣ್ಣಿಗೆ ಕಾಣದ ಜೀವಿಗಳನ್ನೂ ನೆನೆಯೋಣ.

ಹಾಗೆಂದು ಕೈ ತೊಳೆಯುವುದು ಬೇಡ ಎಂದಲ್ಲ. ಹೊರಗಿನಿಂದ ಒಳಗೆ ಹೋಗುವುದು ಮನುಷ್ಯನನ್ನು ಅಶುದ್ಧಗೊಳಿಸುವುದಿಲ್ಲ ಎಂದು ಪ್ರಭು ಹೇಳಿದ್ದನ್ನು ಹಿಡಿದು ನಮ್ಮ ಚಿಕ್ಕ ತಮ್ಮಂದಿರು ಊಟಕ್ಕೆ ಮೊದಲು ಕೈ ತೊಳೆಯದೆ ಕೂರುತ್ತಾರೆ! ಪ್ರಭು ಅಲ್ಲಿ ಮಾತನಾಡಿದ್ದು ಹೃದಯದ ಕೊಳೆಯ ವಿಷಯ. ಮಳೆಗಾಲ ಬಂದಿದೆ. ಕುಡಿಯುವ ನೀರು ಕುದಿಸಬೇಕು, ತಾರಸಿಯ ಡ್ರಮ್ಮಿಗೆ ಮುಚ್ಚಳ ಹಾಕಬೇಕು. ಸಣ್ಣ ನೆಗಡಿಗೆಲ್ಲ ಔಷಧಿ ಅಂಗಡಿಯಲ್ಲಿ ಕೇಳಿ ಆಂಟಿಬಯೋಟಿಕ್ ನುಂಗುವುದು ಬೇಡ. ವೈದ್ಯರು ಕೊಟ್ಟಾಗ ಅರ್ಧಕ್ಕೆ ನಿಲ್ಲಿಸುವುದೂ ಬೇಡ. ಅರ್ಧಕ್ಕೆ ನಿಲ್ಲಿಸಿದ ಮಾತ್ರೆಯಿಂದ ಉಳಿದುಕೊಂಡ ರೋಗಾಣುವೇ ನಾಳೆ ಆ ಮಾತ್ರೆಗೆ ಬಗ್ಗದಂತಾಗಬಹುದು.

ಈಗ ಸಂತ ಮಾರ್ಕರ ಶುಭಸಂದೇಶದ ಮೊದಲ ಅಧ್ಯಾಯದ ಕೊನೆಯನ್ನು ತೆರೆದು ನೋಡಿ. ಒಬ್ಬ ಕುಷ್ಠರೋಗಿ ಪ್ರಭುವಿನ ಮುಂದೆ ಮೊಣಕಾಲೂರುತ್ತಾನೆ. ಯಾಜಕಕಾಂಡದ ನಿಯಮದಂತೆ ಅವನು ಪಾಳೆಯದ ಹೊರಗೆ ಒಂಟಿಯಾಗಿ ಇರಬೇಕಾದವನು. ಪ್ರಭು ಒಂದು ಮಾತಿನಿಂದಲೇ ಅವನನ್ನು ಗುಣಪಡಿಸಬಹುದಿತ್ತು. ಬೇರೆಯವರನ್ನು ಹಾಗೆ ಗುಣಪಡಿಸಿದ್ದಾರೆ. ಆದರೆ ಇಲ್ಲಿ ಮೊದಲು ಕೈ ಚಾಚಿ ಮುಟ್ಟುತ್ತಾರೆ, ಆಮೇಲೆ ಮಾತನಾಡುತ್ತಾರೆ. ಅವನಿಗೆ ವಾಸಿಯಾಗುವುದಕ್ಕಿಂತ ಮೊದಲು ಬೇಕಾಗಿದ್ದದ್ದು ಏನೆಂದು ಅವರಿಗೆ ಗೊತ್ತಿತ್ತು.

ಅಲ್ಲಿಗೇ ಮುಗಿಯುವುದಿಲ್ಲ. ಹೋಗಿ ಯಾಜಕನಿಗೆ ತೋರಿಸಿಕೋ ಎಂದು ಕಳುಹಿಸುತ್ತಾರೆ. ಆ ಕಾಲದಲ್ಲಿ ಪರೀಕ್ಷೆ ಮಾಡಿ, ಇವನು ಗುಣವಾಗಿದ್ದಾನೆ, ಊರೊಳಗೆ ಬರಬಹುದು ಎಂದು ಹೇಳುವವರು ಯಾಜಕರೇ. ಅಂದರೆ ಪ್ರಭು ಪರೀಕ್ಷೆಯನ್ನು ಕಡೆಗಣಿಸಲಿಲ್ಲ, ನಿಯಮವನ್ನು ಹಾಸ್ಯ ಮಾಡಲಿಲ್ಲ. ಮುಟ್ಟುವುದೂ ಬೇಕು, ಪರೀಕ್ಷೆಯೂ ಬೇಕು. ನಂಬಿಕೆ ಇರುವವನಿಗೆ ಮಾತ್ರೆ ಬೇಡ ಎನ್ನುವವರೂ, ಮಾತ್ರೆ ಕೊಟ್ಟಾಯಿತು ಇನ್ನು ದೂರವಿರಲಿ ಎನ್ನುವವರೂ ಈ ವಾಕ್ಯವನ್ನು ಅರ್ಧಕ್ಕೇ ಓದಿದ್ದಾರೆ.

ಕೊನೆಯಲ್ಲಿ ಸಂತ ಮಾರ್ಕರು ಒಂದು ಚಿಕ್ಕ ಸಂಗತಿ ಬರೆದಿದ್ದಾರೆ. ಆ ಮನುಷ್ಯ ಸುದ್ದಿಯನ್ನು ಎಲ್ಲೆಡೆ ಸಾರಿದ್ದರಿಂದ ಯೇಸು ಬಹಿರಂಗವಾಗಿ ಊರೊಳಗೆ ಹೋಗಲಾಗದೆ ಹೊರಗಡೆ ನಿರ್ಜನ ಸ್ಥಳಗಳಲ್ಲಿ ಉಳಿಯಬೇಕಾಯಿತು. ಹೊರಗಿದ್ದವನು ಊರೊಳಗೆ ಬಂದ. ಒಳಗಿದ್ದ ಪ್ರಭು ಹೊರಗೆ ನಿಂತರು. ಮುಟ್ಟಿದ್ದಕ್ಕೆ ಅವರು ಕೊಟ್ಟ ಬೆಲೆ ಅದು. 1591ರಲ್ಲಿ ಅಲೋಶಿಯಸರು ಕೊಟ್ಟ ಬೆಲೆಯನ್ನು ಮೊದಲೇ ನೋಡಿದೆವು.

ನಾವು ಕೊಡಬೇಕಾದ ಬೆಲೆ ಎಷ್ಟು? ಕಿಟಕಿ ತೆರೆಯಬೇಕು. ಮೊದಲ ಕೆಲವು ವಾರ ಮಾಸ್ಕ್ ಹಾಕಬೇಕು. ಆರು ತಿಂಗಳು ತಪ್ಪದೆ ಮಾತ್ರೆ ನುಂಗುವಂತೆ ನೋಡಿಕೊಳ್ಳಬೇಕು. ಅಷ್ಟೇ. ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಸಾಮಾನ್ಯ ಕ್ಷಯದಲ್ಲಿ ಸರಿಯಾದ ಮಾತ್ರೆ ಆರಂಭಿಸಿದ ಕೆಲವೇ ವಾರಗಳಲ್ಲಿ ಹೆಚ್ಚಿನವರಿಂದ ಸೋಂಕು ಹರಡುವುದು ನಿಂತುಹೋಗುತ್ತದೆ. ಅಲೋಶಿಯಸರಿಗೆ ಪ್ರಾಣವನ್ನೇ ಕೇಳಿದ ಸೇವೆ ಇಂದು ನಮ್ಮಿಂದ ಕೇಳುವುದು ಇಷ್ಟು ಕಡಿಮೆ. ಪ್ಲೇಗಿನ ಕಾಲದಲ್ಲಿ ದೂರ ಓಡಿದವರಿಗೆ ಒಂದು ಕಾರಣವಾದರೂ ಇತ್ತು. ಇಷ್ಟೆಲ್ಲ ತಿಳಿದ ಮೇಲೂ ನಾವು ದೂರ ನಿಂತರೆ ರೋಗಾಣುವಿನ ಮೇಲೆ ತಪ್ಪು ಹೊರಿಸಲಾಗದು.

ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ನಮ್ಮ ದೇಶದಲ್ಲಿದ್ದಾರೆ. ನಮ್ಮ ಧರ್ಮಕೇಂದ್ರದ ಯಾವ ಅನ್ಬಿಯಂನಲ್ಲೂ ಒಬ್ಬರೂ ಇಲ್ಲ ಎನ್ನಲಾಗದು. ಕನ್ನಡದ ಪೂಜೆಗೆ ಬರುವವರು ಕ್ಷಯ ಎನ್ನುತ್ತೇವೆ, ತಮಿಳಿನ ಪೂಜೆಗೆ ಬರುವವರು ಕಾಸನೋಯ್ ಎನ್ನುತ್ತಾರೆ. ಬಚ್ಚಿಡುವುದರಲ್ಲಿ ಮಾತ್ರ ಎಲ್ಲ ಭಾಷೆಯವರೂ ಒಂದೇ: "ಏನಿಲ್ಲ, ಸ್ವಲ್ಪ ಕೆಮ್ಮು." ಮಗಳ ಮದುವೆ ನಿಂತೀತು, ಬಾಡಿಗೆ ಮನೆ ಹೋದೀತು ಎಂಬ ಭಯ. ಬಚ್ಚಿಟ್ಟಷ್ಟು ದಿನ ಮಾತ್ರೆ ತಡವಾಗುತ್ತದೆ, ತಡವಾದಷ್ಟು ದಿನ ಮನೆಯ ಮಕ್ಕಳಿಗೆ ಸೋಂಕು ಹೋಗುತ್ತದೆ. ರೋಗವನ್ನು ಹರಡುತ್ತಿರುವುದರಲ್ಲಿ ನಾಚಿಕೆಯ ಪಾಲು ದೊಡ್ಡದು.

ಆದ್ದರಿಂದ ಈ ವರ್ಷದ ಹಬ್ಬಕ್ಕೆ ನಮ್ಮ ಯುವಬಳಗ ಒಂದು ತೀರ್ಮಾನ ಮಾಡಿದೆ. ಕ್ಷಯರೋಗಿಗಳಿಗೆ ಸರ್ಕಾರ ತಿಂಗಳಿಗೆ 1,000 ರೂಪಾಯಿ ಪೋಷಣೆಯ ಹಣ ಕೊಡುತ್ತದೆ. ಇದರ ಜೊತೆಗೆ ಯಾರು ಬೇಕಾದರೂ "ನಿಕ್ಷಯ ಮಿತ್ರ" ಎಂದು ಹೆಸರು ಬರೆಸಿ, ಒಪ್ಪಿದ ರೋಗಿಗೆ ಆರು ತಿಂಗಳು ಆಹಾರದ ಬುಟ್ಟಿ ಕೊಡಬಹುದು. ಇದು ಬರೀ ದಾನವಲ್ಲ. ಮಂಗಳೂರಿನ ವೈದ್ಯರೊಬ್ಬರ ನೇತೃತ್ವದಲ್ಲಿ ಜಾರ್ಖಂಡಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಗಿಯ ಮನೆಯವರಿಗೂ ಅಕ್ಕಿ, ಬೇಳೆ ಕೊಟ್ಟಾಗ ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಸುಮಾರು ಶೇಕಡಾ 39ರಷ್ಟು ಕಡಿಮೆಯಾಯಿತು. ಬೇಳೆಯೂ ಔಷಧವೇ. ಹೂಮಾಲೆ, ಬ್ಯಾನರುಗಳಿಗೆ ಖರ್ಚು ಮಾಡುವ ಹಣವನ್ನು ಈ ಸಲ ಅಂಥ ಬುಟ್ಟಿಗಳಿಗೆ ಕೊಡುತ್ತೇವೆ. ಹಬ್ಬದ ದಿನ ಕಾಣಿಕೆಯ ಹೊತ್ತಿನಲ್ಲಿ ನೀವೂ ಒಂದು ಸೇರು ಬೇಳೆಯನ್ನೋ ಒಂದು ಪೊಟ್ಟಣ ಎಣ್ಣೆಯನ್ನೋ ಪೀಠದ ಬಳಿ ತಂದಿಡಿ ಎಂದು ಕೇಳಿಕೊಳ್ಳುತ್ತೇವೆ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇರುವವರು ಆಸ್ಪತ್ರೆಗೆ ಒಂಟಿಯಾಗಿ ಹೋಗಲು ಅಂಜಿದರೆ ನಮಗೆ ಹೇಳಿ, ಜೊತೆಗೆ ಬರುತ್ತೇವೆ. ಹೆಸರು ಹೊರಗೆ ಹೋಗುವುದಿಲ್ಲ.

ಇನ್ನೊಂದು ಕೋರಿಕೆ ನಮ್ಮ ತಾಯಂದಿರಿಗೆ, ಅಜ್ಜಿಯರಿಗೆ. ನಿಮ್ಮ ಮನೆಯ ಕಿಟಕಿಯ ಮೇಲೆ, ಹಿತ್ತಿಲ ಗೂಡಿನಲ್ಲಿ ಯಾರಿಗಾಗಿಯಾದರೂ ಬೇರೆ ಇಟ್ಟ ಒಂದು ಲೋಟವಿದ್ದರೆ, ಅದನ್ನು ಚೆನ್ನಾಗಿ ತೊಳೆದು ಒಳಗಿನ ಲೋಟಗಳ ಜೊತೆ ಕವುಚಿಡಿ. ಆಮೇಲೆ ಅದು ಯಾರದೆಂದು ನಿಮಗೇ ಗುರುತು ಸಿಗಬಾರದು. ಪ್ರತಿ ಪೂಜೆಯಲ್ಲೂ ಒಂದೇ ಪಾತ್ರೆಯ ಬಳಿ ಸೇರುವ ಜನ ನಾವು.

ಪ್ರಾರ್ಥಿಸೋಣ: ಮುಟ್ಟಬಾರದವನನ್ನು ಮುಟ್ಟಿದ ಪ್ರಭುವೇ, ರೋಗದ ಗುಟ್ಟನ್ನು ತಿಳಿಯುವ ಬುದ್ಧಿಯನ್ನು ಮನುಷ್ಯರಿಗೆ ಕೊಟ್ಟದ್ದಕ್ಕಾಗಿ ನಿಮಗೆ ವಂದನೆ. ಪ್ರಯೋಗಾಲಯಗಳಲ್ಲಿ, ಆಸ್ಪತ್ರೆಗಳಲ್ಲಿ, ಮನೆಮನೆಗೆ ಮಾತ್ರೆ ತಲುಪಿಸುವವರಲ್ಲಿ ನೀವು ಕೆಲಸ ಮಾಡುತ್ತಿದ್ದೀರಿ. ತಿಳಿದದ್ದನ್ನು ನಡೆಸುವ ಧೈರ್ಯವನ್ನು ನಮಗೆ ಕೊಡಿ. ಒಂಟಿಯಾಗಿ ಕೆಮ್ಮುತ್ತಿರುವ ಸಹೋದರ ಸಹೋದರಿಯರ ಬಾಗಿಲಿಗೆ ನಮ್ಮನ್ನು ಕಳುಹಿಸಿ. ಸಂತ ಅಲೋಶಿಯಸರೇ, ನಮ್ಮ ಯುವಜನರಿಗಾಗಿ ಪ್ರಾರ್ಥಿಸಿರಿ. ಆಮೆನ್.

— ಯುವಬಳಗದ ಪರವಾಗಿ, ಯುವ ಸಂಯೋಜಕರು